ಮೆಂಬರು ಹಾಕಿದ್ದು ತಮಾಷೆ, ಊರು ಓದಿದ್ದು ನೋಟಿಸು

ಪ್ರಶ್ನೆ: ನಮ್ಮ ವಾರ್ಡಿನ ಮೆಂಬರು ರಸ್ತೆಯ ಹೊಂಡದಲ್ಲಿ ನೀರು ನಿಂತ ಫೋಟೋ ಹಾಕಿ, ‘ನಮ್ಮ ವಾರ್ಡಿಗೆ ಹೊಸ ಈಜುಕೊಳ ಮಂಜೂರಾಗಿದೆ, ಮಕ್ಕಳಿಗೆ ಪ್ರವೇಶ ಉಚಿತ’ ಎಂದು ಫೇಸ್‌ಬುಕ್‌ನಲ್ಲಿ ಬರೆದರು. ಸ್ವಲ್ಪ ದಿನದಲ್ಲೇ ಅದು ‘ರಸ್ತೆಯ ದುಡ್ಡಿನಲ್ಲಿ ಈಜುಕೊಳ’ ಅಂತ ವಾಟ್ಸಾಪ್‌ನಲ್ಲಿ ಊರಿಡೀ ಹರಡಿತು. ಕೆಲವರು ಪೊಲೀಸರಿಗೆ ದೂರು ಕೊಡುತ್ತೇವೆ ಅನ್ನುತ್ತಿದ್ದಾರೆ. ಇಷ್ಟು ಸಣ್ಣ ತಮಾಷೆ ಜನರಿಗೆ ಯಾಕೆ ಅರ್ಥವಾಗಲಿಲ್ಲ? ತಪ್ಪು ಯಾರದ್ದು?
– ಬದಿಯಡ್ಕ ಕಡೆಯ ಓದುಗರು

ಉತ್ತರ: ಜನರಿಗೆ ತಮಾಷೆ ಅರ್ಥವಾಗಲಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಸ್ಯ ಗೊತ್ತಿಲ್ಲದ ಊರಲ್ಲ ನಮ್ಮದು. ಆ ಮೆಂಬರು ಹಾಕುವ ಬೇರೆಲ್ಲ ಪೋಸ್ಟುಗಳನ್ನು ಹೇಗೆ ಓದುತ್ತಾರೋ, ಇದನ್ನೂ ಜನ ಹಾಗೆಯೇ ಓದಿದರು. ತೊಂದರೆ ಶುರುವಾದದ್ದು ಅಲ್ಲಿಂದ.

ಅವರ ಪುಟವನ್ನು ಒಮ್ಮೆ ಹಿಂದಕ್ಕೆ ಸರಿಸಿ ನೋಡಿ. ಪಿಂಚಣಿ ಮಸ್ಟರಿಂಗ್‌ಗೆ, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಎಂದು ದಾಖಲಿಸಲು, ಸರಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಯಾವಾಗ ಹೋಗಬೇಕು, ಹರಿತ ಕರ್ಮಸೇನೆಯವರು ಪ್ಲಾಸ್ಟಿಕ್ ಒಯ್ಯಲು ಯಾವ ದಿನ ಬರುತ್ತಾರೆ, ನಾಳೆ ಕರೆಂಟು ಎಷ್ಟು ಹೊತ್ತು ಇರುವುದಿಲ್ಲ, ನಾಯಿಗಳಿಗೆ ಚುಚ್ಚುಮದ್ದು ಎಲ್ಲಿ ಕೊಡುತ್ತಾರೆ. ಕಾಸರಗೋಡಿನ ಯಾವ ಮೆಂಬರರ ಪುಟದಲ್ಲೂ ಹೆಚ್ಚಿನದು ಇಂಥದ್ದೇ. ಜನ ಅದನ್ನು ಹೊತ್ತು ಕಳೆಯಲು ಓದುವುದಿಲ್ಲ. ಓದದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಾಗಾಗಿ ಓದುತ್ತಾರೆ, ನಂಬುತ್ತಾರೆ, ಪಕ್ಕದ ಮನೆಯವರಿಗೂ ಹೇಳುತ್ತಾರೆ. ವರ್ಷವಿಡೀ ಹೀಗೆ ನಂಬಿಸಿದ ಪುಟದಲ್ಲಿ ಒಂದು ದಿನ ‘ಮಂಜೂರಾಗಿದೆ’ ಎಂದು ಬರೆದರೆ, ಜನ ಮಂಜೂರಾಗಿದೆ ಎಂದೇ ತಿಳಿಯುತ್ತಾರೆ. ಅದರಲ್ಲಿ ದಡ್ಡತನ ಏನಿದೆ?

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಹೊರಗಿನವರಿಗೆ ಅದು ಸುಲಭವಾಗಿ ಕಾಣುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ವಿವಾದಕ್ಕಾಗಿ ನೇಮಿಸಿದ ಮಹಾಜನ ಆಯೋಗದ 1967ರ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕು ಎಂದು ಹೇಳಿತು. ಅದು ಜಾರಿಯಾಗಲಿಲ್ಲ. 1984ರಲ್ಲಿ ನಮ್ಮದು ಬೇರೆ ಜಿಲ್ಲೆಯಾಯಿತು. ಈ ಚರಿತ್ರೆಯೆಲ್ಲ ಇಲ್ಲಿ ಯಾಕೆ ಅಂದರೆ, ಸರಕಾರದ ಕಾಗದ ಇವತ್ತಿಗೂ ನಮ್ಮ ಕೈಗೆ ಹೆಚ್ಚಾಗಿ ಮಲಯಾಳದಲ್ಲೇ ಬರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರಿಗೆ ಆ ನೋಟಿಸು ಓದಲು ಸಿಗುವುದು ಮೆಂಬರು ಅದನ್ನು ಕನ್ನಡದಲ್ಲಿ ಬರೆದು ಗ್ರೂಪಿಗೆ ಹಾಕಿದಾಗ. ಅಂದರೆ ಎಣ್ಮಕಜೆಯಲ್ಲೋ ಪೈವಳಿಕೆಯಲ್ಲೋ ಇರುವ ಒಬ್ಬ ಅಜ್ಜನಿಗೆ ಮೆಂಬರರ ಕನ್ನಡ ಪೋಸ್ಟೇ ಸರಕಾರದ ಮಾತು. ಸರಿಯಾ ತಪ್ಪಾ ಎಂದು ಹೋಲಿಸಿ ನೋಡಲು ಅವರ ಬಳಿ ಬೇರೆ ಕಾಗದವೇ ಇಲ್ಲ. ತಿರುವನಂತಪುರದಲ್ಲಿ ಕುಳಿತ ನಾಯಕರೊಬ್ಬರು ತಮಾಷೆ ಮಾಡಿದರೆ ಮರುದಿನದ ಪೇಪರು ಅದನ್ನು ತಮಾಷೆ ಎಂದು ಬಿಡಿಸಿ ಹೇಳುತ್ತದೆ. ನಮ್ಮ ಮೆಂಬರರ ತಮಾಷೆಗೆ ಹಾಗೆ ಹೇಳುವವರು ಯಾರೂ ಇಲ್ಲ, ಅಲ್ವಾ?

ಹಾಸ್ಯ ಗೊತ್ತಿಲ್ಲದ ಊರಲ್ಲ ಎಂದೆ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ಸೀಮೆ ಇದು. ಯಕ್ಷಗಾನದಲ್ಲಿ ಹಾಸ್ಯಗಾರ ರಾಜನ ಎದುರೇ ನಿಂತು ಎಷ್ಟೆಲ್ಲ ಮಾತಾಡುತ್ತಾನೆ. ರಸ್ತೆಯ ವಿಷಯ, ಕರೆಂಟಿನ ವಿಷಯ, ಪಂಚಾಯತಿನ ವಿಷಯ ಎಲ್ಲವನ್ನೂ ನಡುವೆ ತೂರಿಸುತ್ತಾನೆ. ಸಭೆ ನಗುತ್ತದೆ. ಯಾರೂ ಅದನ್ನು ಸುದ್ದಿ ಎಂದುಕೊಂಡು ಮನೆಗೆ ಒಯ್ಯುವುದಿಲ್ಲ. ಅವನ ವೇಷ ಬೇರೆ, ನಡಿಗೆ ಬೇರೆ, ಸ್ವರ ಬೇರೆ. ಅವನು ರಂಗಕ್ಕೆ ಬರುವ ಮೊದಲೇ ಚೆಂಡೆ ಮದ್ದಳೆ ಸೂಚನೆ ಕೊಟ್ಟಿರುತ್ತದೆ. ಫೇಸ್‌ಬುಕ್‌ನಲ್ಲಿ ಮೆಂಬರು ಬೆಳಗ್ಗೆ ಮಸ್ಟರಿಂಗ್ ವಿಷಯ ಹೇಳಿದ ವೇಷದಲ್ಲೇ ಸಂಜೆ ಹಾಸ್ಯಕ್ಕೂ ಬರುತ್ತಾರೆ. ಅದೇ ಫೋಟೋ, ಅದೇ ಹೆಸರು, ಹೆಸರಿನ ಕೆಳಗೆ ಅದೇ ‘ವಾರ್ಡು ಸದಸ್ಯರು’.

ನಗುವ ಇಮೋಜಿ ಹಾಕಿದ್ದರಲ್ಲ ಎಂದು ಅವರ ಕಡೆಯವರು ಹೇಳಬಹುದು. ಆದರೆ ಈಗ ನಿಜವಾದ ನೋಟಿಸುಗಳ ಮೇಲೂ ಮೈಕಿನ ಚಿತ್ರ, ಕೆಂಪು ಚುಕ್ಕೆ, ಕೈಮುಗಿದ ಚಿತ್ರ ಸಾಲಾಗಿ ಇರುತ್ತವೆ. ಹಿರಿಯರ ಕಣ್ಣಿಗೆ ಇದೆಲ್ಲ ಒಂದೇ ಬಗೆಯ ಅಲಂಕಾರ.

ಇಮೋಜಿಗೂ ಮೊದಲಿದ್ದ ನಗುವ ಗುರುತು ಹುಟ್ಟಿದ್ದೇ ಇಂಥ ಎಡವಟ್ಟಿನಿಂದ ಎಂಬುದು ಇಲ್ಲಿ ನೆನಪಾಗುತ್ತದೆ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂದೇಶಗಳಲ್ಲಿ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂಬ ತಮಾಷೆಯನ್ನು ಕೆಲವರು ನಿಜವಾದ ಎಚ್ಚರಿಕೆ ಎಂದು ತಿಳಿದರು. ಅದಾದ ಮೇಲೆ ಸ್ಕಾಟ್ ಫಾಲ್ಮನ್ ಎಂಬ ಪ್ರಾಧ್ಯಾಪಕರು ಸೆಪ್ಟೆಂಬರ್ 19ರಂದು, ತಮಾಷೆಯ ಸಂದೇಶಕ್ಕೆ :-) ಎಂಬ ಗುರುತು ಹಾಕೋಣ ಎಂದು ಸೂಚಿಸಿದರು. ಅಲ್ಲಿ ಓದುತ್ತಿದ್ದವರು ವಿಶ್ವವಿದ್ಯಾಲಯದವರೇ. ಅವರಿಗೇ ಹಾಗಾದ ಮೇಲೆ ನಮ್ಮ ವಾರ್ಡಿನವರನ್ನು ದೂರುವುದರಲ್ಲಿ ಅರ್ಥವಿಲ್ಲ.

ಬರೆಯುವವರು ಒಂದು ವಿಷಯದಲ್ಲಿ ಯಾವಾಗಲೂ ಮೋಸ ಹೋಗುತ್ತಾರೆ. ಬರೆಯುವಾಗ ಅವರ ತಲೆಯೊಳಗೆ ಅವರದೇ ಸ್ವರ ಕೇಳುತ್ತಿರುತ್ತದೆ. ಓದುವವರಿಗೂ ಅದೇ ಸ್ವರ ಕೇಳುತ್ತದೆ ಎಂದುಕೊಳ್ಳುತ್ತಾರೆ. ಜಸ್ಟಿನ್ ಕ್ರೂಗರ್, ನಿಕೊಲಾಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಇಮೇಲಿನಲ್ಲಿ ಬರೆದ ಮಾತು ವ್ಯಂಗ್ಯವಾ ನಿಜವಾ ಎಂದು ಓದುವವರು ಶೇಕಡಾ 78ರಷ್ಟು ಸಲ ಸರಿಯಾಗಿ ಹೇಳುತ್ತಾರೆ ಎಂದು ಬರೆದವರು ಅಂದಾಜು ಮಾಡಿದ್ದರು. ಓದಿದವರು ಸರಿಯಾಗಿ ಹೇಳಿದ್ದು ಶೇಕಡಾ 56ರಷ್ಟು ಸಲ ಮಾತ್ರ. ನಾಣ್ಯ ಚಿಮ್ಮಿ ಹೇಳಿದರೂ ಸುಮಾರು ಅಷ್ಟೇ ಸರಿಯಾಗುತ್ತಿತ್ತು. ಅದೇ ಮಾತನ್ನು ಧ್ವನಿಯಲ್ಲಿ ಕೇಳಿಸಿದಾಗ ಹೆಚ್ಚು ಜನರಿಗೆ ಗೊತ್ತಾಯಿತು. ನಿಮ್ಮ ಮೆಂಬರು ಇದೇ ಈಜುಕೊಳದ ಮಾತನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಹೇಳಿದ್ದರೆ ಒಬ್ಬರೂ ತಪ್ಪು ತಿಳಿಯುತ್ತಿರಲಿಲ್ಲ.

ಇನ್ನು ಫೇಸ್‌ಬುಕ್‌ನಿಂದ ವಾಟ್ಸಾಪ್‌ಗೆ ಹೋದ ಕಥೆ. ಅಲ್ಲಿ ನಡೆದದ್ದು ಬೇರೆಯೇ ಕೆಲಸ. ಮೊದಲಿನ ಪೋಸ್ಟಿನಲ್ಲಿ ಫೋಟೋ ಇತ್ತು. ಫೋಟೋದಲ್ಲಿ ಹೊಂಡ ಇತ್ತು. ಹೊಂಡ ಕಂಡರೆ ಅರ್ಧಕ್ಕರ್ಧ ಜನರಿಗೆ ಮಾತಿನ ಧಾಟಿ ಗೊತ್ತಾಗುತ್ತಿತ್ತು. ಯಾರೋ ಫೋಟೋ ಬಿಟ್ಟು ಸಾಲನ್ನು ಮಾತ್ರ ಕತ್ತರಿಸಿ ಸ್ಕ್ರೀನ್‌ಶಾಟ್ ಮಾಡಿದರು. ಇನ್ಯಾರೋ ಅದರ ಮೇಲೆ ‘ರಸ್ತೆಯ ದುಡ್ಡು’ ಎಂದು ಸೇರಿಸಿದರು. ಆಮೇಲೆ ಅದನ್ನು ಓದಿದವರಿಗೆ ತಮಾಷೆ ಸಿಗಲೇ ಇಲ್ಲ, ಬರೀ ಆರೋಪ ಸಿಕ್ಕಿತು. ಮಲಯಾಳದ ಗ್ರೂಪಿಗೆ ಹೋದಾಗ ಇನ್ನೊಂದು ಪದರವೂ ಕಳಚಿತು. ಮೊಬೈಲಿನ ಅನುವಾದ ಸಾಲಿನ ಅರ್ಥವನ್ನು ಹೇಗೋ ದಾಟಿಸಿಬಿಡುತ್ತದೆ. ಹೇಳಿದವರ ನಗು ಈಚೆ ದಡದಲ್ಲೇ ಉಳಿಯುತ್ತದೆ.

ದೊಡ್ಡವರಿಗೂ ಇದು ಆಗಿದೆ. 2009ರ ಸೆಪ್ಟೆಂಬರಿನಲ್ಲಿ ಶಶಿ ತರೂರ್ ವಿದೇಶಾಂಗ ಖಾತೆಯ ರಾಜ್ಯ ಸಚಿವರಾಗಿದ್ದರು. ಸರಕಾರ ಖರ್ಚು ಕಡಿಮೆ ಮಾಡಲು ಹೇಳುತ್ತಿದ್ದ ಸಮಯ. ಮುಂದಿನ ಸಲ ‘ಕ್ಯಾಟಲ್ ಕ್ಲಾಸ್’ನಲ್ಲಿ ಬರುತ್ತೀರಾ ಎಂದು ಒಬ್ಬ ಪತ್ರಕರ್ತರು ಟ್ವಿಟರ್‌ನಲ್ಲಿ ಕೇಳಿದರು. ತರೂರ್ ಅದೇ ಮಾತನ್ನು ಹಿಡಿದು ತಮಾಷೆಯಾಗಿ ಉತ್ತರ ಕೊಟ್ಟರು. ಆಮೇಲೆ ಪ್ರಶ್ನೆ ಬಿದ್ದುಹೋಯಿತು, ಉತ್ತರ ಮಾತ್ರ ಓಡಾಡಿತು. ವಿಮಾನದಲ್ಲಿ ಕಡಿಮೆ ದರದ ಸೀಟಿನಲ್ಲಿ ಹೋಗುವವರನ್ನು ಸಚಿವರು ದನ ಎಂದರು ಎಂದು ಗಲಾಟೆಯಾಯಿತು. ಅವರ ಪಕ್ಷದವರೇ ರಾಜೀನಾಮೆ ಕೇಳಿದರು. ಅವರು ಕ್ಷಮೆ ಕೇಳಿದರು. ಮಲಯಾಳದಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳುತ್ತದಂತೆ ಎಂದು ಅವರೇ ಬರೆದುಕೊಂಡರು. ಕೊನೆಗೆ ಅದು ತಮಾಷೆ ಎಂದು ಹೇಳಲು ಪ್ರಧಾನಿ ಮನಮೋಹನ್ ಸಿಂಗ್ ಅವರೇ ಬೇಕಾಯಿತು.

ತುಂಡು ಮಾಡಿದ ಸಂದೇಶ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2018ರ ಮಕ್ಕಳ ಕಳ್ಳರ ವದಂತಿಯನ್ನು ಮರೆಯಬಾರದು. ಆಗ ಹರಿದಾಡಿದ ವಿಡಿಯೊಗಳಲ್ಲಿ ಒಂದು, ಮಕ್ಕಳ ಸುರಕ್ಷತೆಗಾಗಿ ಪಾಕಿಸ್ತಾನದಲ್ಲಿ ಮಾಡಿದ ಜಾಗೃತಿ ಚಿತ್ರ. ಇದು ಅಭಿನಯ ಎಂದು ಹೇಳುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಜನ ಐವರನ್ನು ಹೊಡೆದು ಕೊಂದರು. ಅದೇ ತಿಂಗಳು ನಮ್ಮ ಬೀದರಿನ ಮುರ್ಕಿಯಲ್ಲೂ ಒಬ್ಬ ಯುವಕನ ಪ್ರಾಣ ಹೋಯಿತು. ಈಜುಕೊಳದ ಮಾತು ಅದಕ್ಕೆ ಸಮ ಅಲ್ಲ, ನನಗೂ ಗೊತ್ತು. ಆದರೆ ಕತ್ತರಿಸಿ ಕಳಿಸುವ ಕೈಯ ಅಭ್ಯಾಸ ಎರಡೂ ಕಡೆ ಒಂದೇ. ವಾಟ್ಸಾಪ್ ಆಗಲೇ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂದು ಮಿತಿ ಹಾಕಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದದ್ದು ಎಂದು ಹೇಳುವ ಎರಡು ಬಾಣದ ಗುರುತಿನ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಎರಡು ಬಾಣ ಕಂಡರೆ, ಅದನ್ನು ಮೊದಲು ಬರೆದವರು ನಿಮ್ಮ ಪರಿಚಯದವರಲ್ಲ ಎಂದೇ ತಿಳಿಯಿರಿ.

ನಮ್ಮ ಕಡೆ ಇದಕ್ಕೆ ರಾಜಕೀಯದ ಬಿಸಿ ಬೇಗ ತಾಗುವುದಕ್ಕೂ ಕಾರಣ ಇದೆ. ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ ಬರೀ 89 ಮತ. 2021ರಲ್ಲಿ 745. ಶಾಸಕರ ಚುನಾವಣೆಯೇ ಹೀಗಾದರೆ ವಾರ್ಡಿನ ಲೆಕ್ಕ ನೀವೇ ಊಹಿಸಿ. ಒಂದೆರಡು ಮನೆಯವರ ಸಿಟ್ಟೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಎದುರು ಪಕ್ಷದವರಿಗೆ ತಮಾಷೆ ಅರ್ಥವಾದರೂ ಅರ್ಥವಾಗದ ಹಾಗೆ ಇರುವುದರಲ್ಲಿ ಲಾಭ ಇದೆ.

ದೂರಿನ ವಿಷಯಕ್ಕೆ ಬರೋಣ. ಸುಮ್ನೆ ‘ಆನ್‌ಲೈನ್‌ನಲ್ಲಿ ಬರೆದು ಬೇಸರ ಮಾಡಿದರು’ ಎಂದು ಕೇಸು ಹಾಕುವ ಕಾಲ ಮುಗಿದಿದೆ. ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದು ಮಾಡಿತು. ಅದೇ ತೀರ್ಪಿನಲ್ಲಿ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಹೋಯಿತು. 2020ರ ನವೆಂಬರಿನಲ್ಲಿ ಕೇರಳ ಸರಕಾರ 118ಎ ಎಂಬ ಹೊಸ ಕಲಮನ್ನು ಸುಗ್ರೀವಾಜ್ಞೆಯಿಂದ ತಂದಿತು. ಯಾರನ್ನಾದರೂ ಬೆದರಿಸುವ, ಅವಮಾನಿಸುವ ಮಾತು ಹರಡಿದರೆ ಮೂರು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದಿತ್ತು. ಎಲ್ಲ ಕಡೆಯಿಂದ ವಿರೋಧ ಬಂದು ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಈಗ ಮುಖ್ಯವಾಗಿ ನೋಡಬೇಕಾದ್ದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ. ಅದರ 353ನೇ ಕಲಂ ಸುಳ್ಳು ಸುದ್ದಿ, ವದಂತಿಯ ಬಗ್ಗೆ ಇದೆ. ಆದರೆ ಜನರಲ್ಲಿ ಭಯ ಹುಟ್ಟಿಸುವ, ಗುಂಪುಗಳ ನಡುವೆ ದ್ವೇಷ ಬೆಳೆಸುವಂಥ ಗಂಭೀರ ಸಂದರ್ಭಗಳಿಗೆ ಅದು ಇರುವುದು. ಹೊಂಡವನ್ನು ಈಜುಕೊಳ ಎಂದವರ ಮೇಲೆ ಅದು ನಿಲ್ಲುತ್ತದೆ ಎಂದು ನನಗೆ ಅನಿಸುವುದಿಲ್ಲ. ಮಾನಹಾನಿ 356ನೇ ಕಲಮಿಗೆ ಬರುತ್ತದೆ. ನಿಜ ಹೇಳಬೇಕಾದರೆ, ಸುಳ್ಳು ಎಂದು ಗೊತ್ತಿದ್ದೂ ‘ಮೆಂಬರು ರಸ್ತೆಯ ದುಡ್ಡು ನುಂಗಿದರು’ ಎಂದು ಸೇರಿಸಿದವರು ಆ ಕಲಮಿಗೆ ಹೆಚ್ಚು ಹೆದರಬೇಕು.

ಹಾಗಾದರೆ ತಪ್ಪು ಯಾರದ್ದು? ನಂಬಿದವರದ್ದಲ್ಲ. ಕತ್ತರಿಸಿ ಸುಳ್ಳು ಸೇರಿಸಿದವರು ಮಾಡಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಮೆಂಬರರದ್ದು ಅಜಾಗ್ರತೆ. ಅವರು ತಮಾಷೆ ಮಾಡಬಾರದು ಎಂದು ನಾನು ಹೇಳುವುದಿಲ್ಲ. ಹೊಂಡದ ರಸ್ತೆಯನ್ನು ನಗುತ್ತಾ ತೋರಿಸುವ ಮೆಂಬರು, ಏನೂ ಹೇಳದೆ ಕೂರುವ ಮೆಂಬರಿಗಿಂತ ಎಷ್ಟೋ ಪಾಲು ಮೇಲು. ಆದರೆ ಪಿಂಚಣಿ ನೋಟಿಸು ಹಾಕುವ ಪುಟ ನೋಟಿಸಿಗೇ ಇರಲಿ. ತಮಾಷೆಗೆ ಅವರ ಸ್ವಂತ ಖಾತೆ ಇದೆಯಲ್ಲ. ಇಲ್ಲದಿದ್ದರೆ ಮೊದಲ ಸಾಲಿನಲ್ಲೇ ‘ಇದು ತಮಾಷೆಗೆ’ ಎಂದು ಬರೆಯಲಿ. ನಗು ಸ್ವಲ್ಪ ಕಡಿಮೆಯಾಗುತ್ತದೆ, ನಂಬಿಕೆ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯದು ಹತ್ತು ಸೆಕೆಂಡಿನ ವಿಡಿಯೊ. ಮುಖ ಕಂಡರೆ, ಸ್ವರ ಕೇಳಿದರೆ, ನಮ್ಮವರು ಯಾರೂ ತಪ್ಪುವುದಿಲ್ಲ.

ಆಗಿಹೋದದ್ದಕ್ಕೆ ಈಗ ಮಾಡಬೇಕಾದ್ದು ಒಂದಿದೆ. ಪೋಸ್ಟನ್ನು ಗುಟ್ಟಾಗಿ ಅಳಿಸುವುದು ಬೇಡ. ಅಳಿಸಿದರೆ ಸ್ಕ್ರೀನ್‌ಶಾಟ್ ಮಾತ್ರ ಉಳಿಯುತ್ತದೆ, ಜನರಿಗೆ ಸಂಶಯ ಗಟ್ಟಿಯಾಗುತ್ತದೆ. ಅದೇ ಪುಟದಲ್ಲಿ, ವಾರ್ಡಿನ ಗ್ರೂಪಿನಲ್ಲಿ, ಕನ್ನಡದಲ್ಲೂ ಮಲಯಾಳದಲ್ಲೂ ಹೀಗೆ ಹಾಕಲಿ: ‘ಈಜುಕೊಳ ಮಂಜೂರಾಗಿಲ್ಲ. ಹೊಂಡ ತೋರಿಸಲು ತಮಾಷೆಗೆ ಬರೆದೆ. ನಂಬಿದವರಿಗೆ ಆದ ಗೊಂದಲಕ್ಕೆ ಕ್ಷಮೆ ಇರಲಿ. ರಸ್ತೆಯ ಕೆಲಸ ಇಲ್ಲಿಯವರೆಗೆ ಬಂದಿದೆ.’ ಹೊಂಡ ಕಾಣುವ ಮೊದಲಿನ ಫೋಟೋವನ್ನೂ ಜೊತೆಗೆ ಹಾಕಲಿ. ‘ಹಾಸ್ಯ ಪ್ರಜ್ಞೆ ಇಲ್ಲದವರು’ ಎಂಬ ಮಾತು ಮಾತ್ರ ಬರಬಾರದು. ಅದೊಂದು ಸಾಲು ಬಂದರೆ ಉಳಿದದ್ದನ್ನು ಯಾರೂ ಓದುವುದಿಲ್ಲ.

ನಿಮಗೂ ಒಂದು ಕೆಲಸ ಇದೆ. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು ಎಂದು 1994ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ, ಅದರ ಸಂಚಾಲಕರು ನಿಮ್ಮ ಮೆಂಬರೇ. ದೂರು ಬರೆಯಲು ಹೊರಟವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಆ ರಸ್ತೆ ಪಂಚಾಯತಿನದ್ದಾ, ಪಿಡಬ್ಲ್ಯುಡಿಯದ್ದಾ? ಎಷ್ಟು ದುಡ್ಡು ಇಟ್ಟಿದ್ದಾರೆ? ಮಳೆ ಬಿಟ್ಟ ಮೇಲೆ ಡಾಮರು ಯಾವ ತಿಂಗಳು? ಇದಿಷ್ಟನ್ನು ಕನ್ನಡದಲ್ಲೇ ಕೇಳಿ, ಉತ್ತರವನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ.