ಒಂದು ಸಿಡಿಲು, ಹತ್ತಾರು ಕುರಿ

ಏಪ್ರಿಲ್ ಕೊನೆ ಬಂತೆಂದರೆ ವಿಜಯಪುರ ಕಡೆ ಎಲ್ಲರ ಕಣ್ಣು ಆಕಾಶದ ಮೇಲೆ. ‘ಭರಣಿ ಮಳೆ, ಧರಣಿಯೆಲ್ಲ ಬೆಳೆ’ ಅಂತ ಗಾದೆಯೇ ಇದೆ. ಆದರೆ ಈ ಮಳೆ ಸುಮ್ನೆ ಬರುವುದಿಲ್ಲ, ಸಿಡಿಲನ್ನೂ ಕರೆತರುತ್ತದೆ. ಮರದ ಕೆಳಗೆ ನಿಂತ ಹತ್ತಾರು ಕುರಿ ಒಟ್ಟಿಗೇ ಸತ್ತ ಸುದ್ದಿ ಬೇಸಿಗೆಯಲ್ಲಿ ಓದುತ್ತಲೇ ಇರುತ್ತೇವೆ. ಬಿದ್ದದ್ದು ಒಂದೇ ಸಿಡಿಲು. ಅಷ್ಟೂ ಕುರಿ ಸಾಯುವುದು ಹೇಗೆ?

ಮೊದಲು ಮೋಡದ ವಿಷಯ. 40 ಡಿಗ್ರಿಗೆ ಕಾದ ಬಯಲಿನ ಬಿಸಿಗಾಳಿ ಮೇಲೇರುತ್ತದೆ. ಸಮುದ್ರದ ಕಡೆಯಿಂದ ಬಂದ ತೇವವೂ ಜೊತೆಗೂಡಿದರೆ ಸಂಜೆಗೆ 12 ಕಿಲೋಮೀಟರ್‌ಗೂ ಎತ್ತರದ ಮೋಡ ಎದ್ದು ನಿಲ್ಲಬಹುದು. ಅದರೊಳಗೆ ಮಂಜಿನ ಹರಳುಗಳೂ ಪುಟ್ಟ ಆಲಿಕಲ್ಲುಗಳೂ ಡಿಕ್ಕಿ ಹೊಡೆಯುತ್ತವೆ. ಹಗುರವಾದವು ಧನ ವಿದ್ಯುತ್ ಹೊತ್ತು ಮೇಲೇರಿದರೆ, ಭಾರವಾದವು ಋಣ ವಿದ್ಯುತ್ ಹೊತ್ತು ಕೆಳಗೆ ಉಳಿಯುತ್ತವೆ. ಗಾಳಿ ತಡೆಯಲಾರದಷ್ಟು ವಿದ್ಯುತ್ ಸೇರಿದಾಗ ಸಿಡಿಲು ಹೊಡೆಯುತ್ತದೆ. ಅದು ಹಾಯ್ದ ದಾರಿಯ ಗಾಳಿ ಸುಮಾರು 30,000 ಡಿಗ್ರಿಗೆ ಕಾಯುತ್ತದೆ.

ಬಟಾಬಯಲಲ್ಲಿ ಒಂಟಿ ಬೇವಿನ ಮರವೇ ಎತ್ತರ, ಹಾಗಾಗಿ ಸಿಡಿಲಿಗೆ ಸಿಕ್ಕುವುದೂ ಅದೇ ಜಾಸ್ತಿ. ಆ ಕರೆಂಟು ಬುಡದಲ್ಲೇ ಇಂಗಿಹೋಗುವುದಿಲ್ಲ, ನೆಲದಲ್ಲಿ ಸುತ್ತಲೂ ಹರಡುತ್ತದೆ. ಬುಡದಿಂದ ದೂರವಾದಂತೆ ವೋಲ್ಟೇಜ್ ಇಳಿಯುತ್ತದೆ. ಮರಕ್ಕೆ ಮುಖ ಮಾಡಿ ನಿಂತ ಕುರಿಯನ್ನೇ ನೋಡಿ. ಅದರ ಮುಂಗಾಲಿರುವ ಜಾಗಕ್ಕೂ ಹಿಂಗಾಲಿರುವ ಜಾಗಕ್ಕೂ ಸಾವಿರಾರು ವೋಲ್ಟ್ ವ್ಯತ್ಯಾಸ ಇರಬಹುದು. ಕರೆಂಟು ಮುಂಗಾಲಿಂದ ಹತ್ತಿ ಹಿಂಗಾಲಿಂದ ಇಳಿಯುತ್ತದೆ. ನಡುವೆ ಸಿಗುವುದು ಎದೆ. ಹಿಂಡು ಒತ್ತೊತ್ತಾಗಿ ನಿಂತಿರುತ್ತದೆ ಅಲ್ವಾ, ಎಲ್ಲಕ್ಕೂ ಒಂದೇ ಗತಿ. ಮನುಷ್ಯನಲ್ಲಿ ಹೀಗೆ ನೆಲದಿಂದ ಹತ್ತಿದ್ದು ಹೆಚ್ಚಾಗಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಹೋಗುತ್ತದೆ, ಎದೆ ಕೆಲವೊಮ್ಮೆ ಉಳಿಯುತ್ತದೆ. ಹಾಗಂತ ಮರದಡಿ ನಿಲ್ಲಬೇಡಿ. ಕಾಂಡದಿಂದ ಪಕ್ಕದವರ ಮೈಗೇ ಸಿಡಿಲು ಜಿಗಿಯುತ್ತದೆ. ಮೈ ಒದ್ದೆಯಾದರೆ ಆಗಲಿ ಬಿಡಿ.

ಮಿಂಚಿಗೂ ಗುಡುಗಿಗೂ ನಡುವೆ 3 ಸೆಕೆಂಡ್ ಇದ್ದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ. 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಪಕ್ಕಾ ಮನೆಯನ್ನೋ ಗಾಜು ಏರಿಸಿದ ಕಾರನ್ನೋ ಸೇರಿಕೊಳ್ಳಬೇಕು. ಸುತ್ತಲೂ ತೆರೆದಿರುವ ಒಣದ್ರಾಕ್ಷಿ ಶೆಡ್ಡು ಲೆಕ್ಕಕ್ಕಿಲ್ಲ. ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಅನ್ನುವುದು ಬರೀ ಮಾತು. ಅದರಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹಾಕಿಕೊಂಡರೆ ಹತ್ತಿರದ ಸಿಡಿಲಿನ ಎಚ್ಚರಿಕೆಯಾದರೂ ಸಿಗುತ್ತದೆ.

ಸಿಡಿಲು ಬಡಿದವರನ್ನು ಮುಟ್ಟಲು ಜನ ಹೆದರುತ್ತಾರೆ. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ 108ಕ್ಕೆ ಫೋನ್ ಮಾಡಿಸಿ, ಆಂಬುಲೆನ್ಸ್ ಬರುವವರೆಗೂ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತುತ್ತಿರಬೇಕು.