ಸ್ಪೈನಲ್ ಆದಮೇಲಿನ ತಲೆನೋವು ಮತ್ತು ಕಾಫಿ

ಸಿಸೇರಿಯನ್ ಆದ ಮಾರನೇ ದಿನ ಬಾಣಂತಿ "ತಲೆ ಸಿಡೀತಿದೆ ಸಿಸ್ಟರ್" ಅಂದರೆ ಮಾತ್ರೆಗೆ ಕೈ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ: "ಎದ್ದು ಕೂತ್ರೆ ಜಾಸ್ತಿನಾ? ಮಲಗಿದ್ರೆ ಕಮ್ಮಿ ಆಗತ್ತಾ?"

ಹೌದು ಅಂದರೆ ಸ್ಪೈನಲ್ ಸೂಜಿಯ, ಅಂದರೆ ಆಪರೇಷನ್‌ಗೆ ಮರಗಟ್ಟಿಸಲು ಬೆನ್ನಿಗೆ ಹಾಕಿದ ಸೂಜಿಯ ಮೇಲೆ ಅನುಮಾನ ಪಡಬೇಕು. ಬೆನ್ನುಹುರಿಯನ್ನು ಸುತ್ತಿರುವ ಡ್ಯೂರಾ ಪೊರೆಯಲ್ಲಿ ಸೂಜಿ ಬಿಟ್ಟ ತೂತಿನಿಂದ, ಮಿದುಳು-ಬೆನ್ನುಹುರಿಯ ಸುತ್ತ ಇರುವ ಸಿ.ಎಸ್.ಎಫ್. ದ್ರವ ಸೋರುತ್ತದೆ. ಒತ್ತಡ ಇಳಿಯುತ್ತದೆ, ಎದ್ದಾಗ ಮಿದುಳು ಕೆಳಕ್ಕೆ ಜಗ್ಗಿ ಪೊರೆಗಳನ್ನು ಎಳೆಯುತ್ತದೆ. ಕಮ್ಮಿಯಾದ ದ್ರವದ ಜಾಗ ತುಂಬಲು ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ಅದೂ ನೋವೇ. ಸಾಮಾನ್ಯವಾಗಿ ಮೊದಲ ಮೂರು ದಿನದೊಳಗೆ ಶುರು. ಕತ್ತು ಬಿಗಿಯುವುದು, ಕಿವಿ ಗುಂಯ್‌ಗುಡುವುದು ಜೊತೆಗಿರಬಹುದು.

ಇದನ್ನು ಮೊದಲು ಅನುಭವಿಸಿ ಬರೆದವರಲ್ಲಿ ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಒಬ್ಬರು. 1898ರಲ್ಲಿ ತಮ್ಮ ಬೆನ್ನಿಗೇ ಸೂಜಿ ಹಾಕಿಸಿಕೊಂಡರು. ಸಿರಿಂಜ್ ಸೂಜಿಗೆ ಸರಿಯಾಗಿ ಕೂರದೆ ದ್ರವ ಸೋರಿಹೋಯಿತು. ಆಮೇಲೆ ಒಂಬತ್ತು ದಿನ ಹಾಸಿಗೆ ಹಿಡಿದರು. ಮಲಗಿದರೆ ನೋವು ಮಾಯ, ಎದ್ದರೆ ಹಾಜರ್. ಪಠ್ಯಪುಸ್ತಕದ ಲಕ್ಷಣಪಟ್ಟಿಗಿಂತ ಈ ಕಥೆ ನೆನಪಲ್ಲಿ ಉಳಿಯುತ್ತದೆ.

ಸೂಜಿ ತುದಿಯೂ ಮುಖ್ಯ. ಪೊರೆಯನ್ನು ಕೊಯ್ಯುವ ಕ್ವಿಂಕೆ ಸೂಜಿಗಿಂತ, ಎಳೆಗಳನ್ನು ಸರಿಸಿಕೊಂಡು ಹೋಗುವ ಪೆನ್ಸಿಲ್ ತುದಿಯ ವಿಟಾಕರ್ ಸೂಜಿಯಲ್ಲಿ ತಲೆನೋವು ಕಮ್ಮಿ. ಬೆನ್ನಿಗೆ ಸೂಜಿ ಚುಚ್ಚುವ ಲಂಬಾರ್ ಪಂಕ್ಚರ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಕೊಯ್ಯದ ತುದಿಯ ಸೂಜಿಗಳಿಂದ ತಲೆನೋವಿನ ಪ್ರಮಾಣ ಶೇ. 11ರಿಂದ ಶೇ. 4.2ಕ್ಕೆ ಇಳಿದಿತ್ತು.

ಈಗ ಕಾಫಿ. ಚಿಕ್ಕಮಗಳೂರಿನ ವಾರ್ಡ್‌ನಲ್ಲಿ ಇದು ಎರಡು ಕಡೆಯಿಂದ ಬರುತ್ತದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಸ್ಟ್ರಾಂಗ್ ಕಾಫಿ ಕುಡಿದೇ ಅಭ್ಯಾಸ ಇರುವವರನ್ನು ಆಪರೇಷನ್‌ಗೆ ಅಂತ ಖಾಲಿ ಹೊಟ್ಟೆಯಲ್ಲಿ ಕೂರಿಸಿದರೆ, ಕೊನೇ ಲೋಟ ಇಳಿದ 12ರಿಂದ 24 ಗಂಟೆಯಲ್ಲಿ ಬರೀ ಕೆಫೀನ್ ಸಿಗದೆ ತಲೆ ನೋಯಬಹುದು. ಈ ನೋವಿಗೆ ಕೂತರೇನು, ಮಲಗಿದರೇನು, ಎರಡೂ ಒಂದೇ. ಕೇಸ್ ಶೀಟ್‌ನಲ್ಲಿ ಬೀಡಿ, ಎಲೆ-ಅಡಿಕೆ ಬರೆಯುತ್ತೇವೆ. ದಿನಕ್ಕೆ ಎಷ್ಟು ಲೋಟ ಕಾಫಿ ಅಂತಲೂ ಬರೆದುಕೊಳ್ಳಿ. ಹಾಗೆಯೇ, ಉಪವಾಸದ ಮಾರ್ಗಸೂಚಿಯಲ್ಲಿ ಹಾಲಿಲ್ಲದ ಕಾಫಿಗೆ ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ಅವಕಾಶ ಇದೆ. ಹಾಲು ಬಿದ್ದರೆ ಆರು ಗಂಟೆ. ನಮ್ಮ ಕಡೆ ಹಾಲಿಲ್ಲದ್ದನ್ನು ಯಾರು ಕಾಫಿ ಅಂತಾರೆ ಅನ್ನೋದು ಬೇರೆ ಮಾತು! ಯಾವುದಕ್ಕೂ ಅನೆಸ್ತೇಷಿಯಾ ಡಾಕ್ಟರ್ ಹೇಳಿದ್ದೇ ಕೊನೆ.

ಇನ್ನೊಂದು ಕಡೆ, ಕೆಫೀನ್ ಔಷಧಿಯೂ ಹೌದು. ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಸ್ಪೈನಲ್ ತಲೆನೋವಿಗೂ ಕೊಡುತ್ತಾರೆ. ಪುರಾವೆ ಇರುವುದು ಚಿಕ್ಕ ಅಧ್ಯಯನಗಳಿಂದ, ತೂತನ್ನಂತೂ ಅದು ಮುಚ್ಚುವುದಿಲ್ಲ. ಹಾಲೂಡಿಸುವ ತಾಯಿಗೆ ದಿನಕ್ಕೆ 200ರಿಂದ 300 ಮಿ.ಗ್ರಾಂ.ಗೆ ನಿಲ್ಲಿಸಬೇಕು. ಹಾಗಾಗಿ ಅಜ್ಜಿ ಫ್ಲಾಸ್ಕ್ ತುಂಬ ತಂದರೆ ಒಂದು ಲೋಟ ಕೊಡಿ, ಫ್ಲಾಸ್ಕ್ ಖಾಲಿ ಮಾಡಿಸಬೇಡಿ.

"ದಿಂಬಿಲ್ಲದೆ ಇಡೀ ದಿನ ಮಲಗಿಸಿ" ಅನ್ನುವುದು ಹಳೇ ಪದ್ಧತಿ. ಮಲಗಿಸಿದರೆ ಈ ತಲೆನೋವು ಬಾರದಂತೆ ತಡೆಯಬಹುದು ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಬಂದ ಮೇಲೆ ಮಲಗಿದರೆ ಹಾಯೆನಿಸುತ್ತದೆ, ಅಷ್ಟೇ. ನೋವು ಜೋರಾಗಿ ಮಗುವಿಗೆ ಹಾಲು ಕೊಡಲೂ ಆಗದಿದ್ದರೆ ಆಕೆಯದೇ ರಕ್ತವನ್ನು, ಸುಮಾರು 20 ಮಿ.ಲೀ., ಡ್ಯೂರಾ ಪೊರೆಯ ಹೊರಗಿನ ಎಪಿಡ್ಯೂರಲ್ ಜಾಗಕ್ಕೆ ಹಾಕುವ ಬ್ಲಡ್ ಪ್ಯಾಚ್ ಇದೆ.

ಮಲಗಿದರೂ ಇಳಿಯದ ನೋವು, ಜ್ವರ, ಕಣ್ಣು ಮಂಜು, ಫಿಟ್ಸ್, ಏರಿದ ಬಿ.ಪಿ. ಇವುಗಳಲ್ಲಿ ಯಾವುದು ಕಂಡರೂ ಸೂಜಿಯನ್ನು ದೂರುತ್ತಾ ಕೂರಬೇಡಿ. ಪ್ರಿ-ಎಕ್ಲಾಂಪ್ಸಿಯಾ (ಬಸುರಿ-ಬಾಣಂತಿಯರಲ್ಲಿ ಬಿ.ಪಿ. ಏರುವ ಕಾಯಿಲೆ), ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು, ಯಾವುದೂ ಆಗಿರಬಹುದು; ಡ್ಯೂಟಿ ಡಾಕ್ಟರನ್ನು ತಕ್ಷಣ ಕರೆಯಿರಿ.