ಕಡಲ ಹತ್ತಿರ ಮನೆ: ಕಾಂಕ್ರೀಟಿಗೆ ಯಾವ ಕೆಮಿಕಲ್ ಹಾಕಬೇಕು?

ಪ್ರಶ್ನೆ: ಮಲ್ಪೆ ಕಡೆ ಮನೆ ಕಟ್ಟಿಸುತ್ತಿದ್ದೇವೆ. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿಯದಂತೆ ಕಾಂಕ್ರೀಟಿಗೆ ಏನು ಬೆರೆಸಬೇಕು?

ಉತ್ತರ: ಏನು ಬೆರೆಸಬೇಕು ಅನ್ನೋದು ಆಮೇಲೆ, ಮೊದಲು ನೀರು ಕಡಿಮೆ ಮಾಡಿಸಿ. ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನ ಸಣ್ಣ ಸಣ್ಣ ತೂತುಗಳಲ್ಲಿ ಇಳಿದು ಕಬ್ಬಿಣ ಮುಟ್ಟುತ್ತದೆ, ತುಕ್ಕು ಊದಿಕೊಂಡು ಮೇಲಿನ ಪದರವನ್ನೇ ಒಡೆದು ಉದುರಿಸುತ್ತದೆ. ಆ ತೂತುಗಳು ಹೆಚ್ಚಾಗುವುದು ಜಾಸ್ತಿ ಸುರಿದ ನೀರಿನಿಂದ. ಕರಾವಳಿಯ ಆರ್‌ಸಿಸಿಗೆ (ಒಳಗೆ ಕಬ್ಬಿಣ ಕಟ್ಟಿದ ಕಾಂಕ್ರೀಟಿಗೆ) ಐಎಸ್ 456, ಅಂದರೆ ಕಾಂಕ್ರೀಟಿನ ಭಾರತೀಯ ಮಾನದಂಡ, ಹೇಳುವುದು ಕನಿಷ್ಠ ಎಂ30 ದರ್ಜೆಯ ಬಲ, ತೂಕದಲ್ಲಿ ನೀರು-ಸಿಮೆಂಟ್ ಅನುಪಾತ 0.45ರ ಒಳಗೆ. ಅಂದರೆ 50 ಕೆಜಿ ಚೀಲಕ್ಕೆ 22.5 ಲೀಟರ್, ಒದ್ದೆ ಮರಳಿನ ನೀರೂ ಇದರಲ್ಲೇ ಬಂತು. ಮಾಲು ಇಷ್ಟು ಗಟ್ಟಿಯಾದರೆ ಮೇಸ್ತ್ರಿ ಸುಮ್ನಿರಲ್ಲ, ಇನ್ನೊಂದು ಬಕೆಟ್ ಸುರಿದೇ ಬಿಡುತ್ತಾರೆ, ಅಲ್ವಾ? ಸೂಪರ್‌ಪ್ಲಾಸ್ಟಿಸೈಜರ್ ಬೇಕಾಗುವುದು ಇಲ್ಲೇ. ನೀರು ಹೆಚ್ಚಿಸದೆ ಮಾಲನ್ನು ಹರಿಯುವಂತೆ ಮಾಡುತ್ತದೆ. ಕಡ್ಡಾಯವಾಗಿ ದುಡ್ಡು ಹಾಕಬೇಕಾದ ಡಬ್ಬಿ ನನ್ನ ಪ್ರಕಾರ ಇದೊಂದೇ.

ಇನ್ನು ಸಿಮೆಂಟ್. ಸ್ಲ್ಯಾಗ್ ಸಿಮೆಂಟ್ ಸಿಕ್ಕರೆ ಅದನ್ನೇ ತಗೊಳ್ಳಿ. ಕಬ್ಬಿಣದ ಅದಿರು ಕರಗಿಸುವಾಗ ಉಳಿಯುವ ಕಿಟ್ಟದ ಪುಡಿ ಅದರಲ್ಲಿ 25ರಿಂದ 70% ಇರುತ್ತದೆ. ಸಿಮೆಂಟ್ ಗಟ್ಟಿಯಾಗುವಾಗ ಮಿಕ್ಕುವ ಸುಣ್ಣದ ಜೊತೆ ಸೇರಿ ಈ ಪುಡಿ ತೂತುಗಳನ್ನು ತುಂಬುತ್ತದೆ, ಒಂದಿಷ್ಟು ಕ್ಲೋರೈಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಉಳಿಯುವ ನುಣ್ಣನೆ ಬೂದಿ) ಬೆರೆಸಿದ ಪಿಪಿಸಿ ಸಿಮೆಂಟ್ ಆದರೂ ನಡೆಯುತ್ತದೆ. 'ಕಡಲ ಪಕ್ಕ ಅಂದ್ರೆ ಎಸ್‌ಆರ್‌ಸಿ' ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಅದು ಸಲ್ಫೇಟ್ ತಡೆಯುವ ಸಿಮೆಂಟ್; ಕ್ಲೋರೈಡನ್ನು ಹಿಡಿದಿಡುವ ಅಂಶವೇ ಅದರಲ್ಲಿ ಕಡಿಮೆ.

ಕ್ಯಾಲ್ಸಿಯಂ ನೈಟ್ರೈಟ್ ಇರುವ ತುಕ್ಕು ತಡೆಯುವ ದ್ರಾವಣ ಕೆಲಸ ಮಾಡುತ್ತದೆ ನಿಜ, ಆದರೆ ಒಳ್ಳೆಯ ಕಾಂಕ್ರೀಟಿಗೆ ಹೆಚ್ಚುವರಿ ರಕ್ಷಣೆಯಾಗಿ ಮಾತ್ರ. ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಇರುವ ಕೆಮಿಕಲ್ ಮಾತ್ರ ಬೇಡವೇ ಬೇಡ, ನಾವೇ ಉಪ್ಪು ಸುರಿದಂತೆ. ಬಾವಿ ನೀರನ್ನೂ ಟೆಸ್ಟ್ ಮಾಡಿಸಿ, ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಗ್ರಾಂ ದಾಟಬಾರದು. ಕಬ್ಬಿಣದ ಮೇಲೆ 45 ಮಿಮೀ ಕಾಂಕ್ರೀಟ್ ಇರಬೇಕು, ಈ ಅಂತರಕ್ಕಾಗಿ ಕಬ್ಬಿಣಕ್ಕೂ ಅಚ್ಚಿಗೂ ನಡುವೆ ಇಡುವ ಕವರ್ ಬ್ಲಾಕನ್ನು ನೀವೇ ಅಳೆದು ನೋಡಿ.

ಸೆಪ್ಟಿಕ್ ಟ್ಯಾಂಕಿನ ಕತೆ ಬೇರೆ. ಅಲ್ಲಿನ ಗ್ಯಾಸಿನಿಂದ ಗೋಡೆಯ ಮೇಲೆ ಆಸಿಡ್ ಆಗುತ್ತದೆ, ಆಸಿಡ್ ಯಾವ ಸಿಮೆಂಟನ್ನೂ ಬಿಡುವುದಿಲ್ಲ. ಏನು ಬೆರೆಸಿದರೂ ಸವೆತ ನಿಧಾನ ಆಗಬಹುದು ಅಷ್ಟೇ, ಒಳಗೆ ಎಪಾಕ್ಸಿ ಲೇಪನ ಹಚ್ಚಿಸಿ.

ಮತ್ತೆ ಕ್ಯೂರಿಂಗ್. ಸ್ಲ್ಯಾಗ್ ಸಿಮೆಂಟ್ ನಿಧಾನಕ್ಕೆ ಬಲ ಪಡೆಯುತ್ತದೆ, ಕನಿಷ್ಠ 10 ದಿನ ಒದ್ದೆಯಾಗಿಡಿ, ಬಿಸಿಲಿದ್ದರೆ 14. ಬಾವಿ ನೀರು ಉಪ್ಪಾಗಿದ್ದರೆ ಇದಕ್ಕೂ ಬೇಡ, ಟ್ಯಾಂಕರ್ ತರಿಸಿ.